ಗಂಟೆಯ ಸಾಲು

ನಮ್ಮ ಭಾವನನ್ನು ಬೀದಿಯವರೆಲ್ಲ ಡ್ರಮ್ ಮಾಸ್ತರು ಎನ್ನುತ್ತಾರೆ. ಮಾಸ್ತರಿಕೆಯನ್ನು ಅವರು ಎಂದೂ ಮಾಡಿದವರಲ್ಲ. ಕಲಿಯಲು ಬಂದ ಒಂದಿಬ್ಬರನ್ನು ಮರುದಿನವೇ ಬೈದು ಓಡಿಸಿದ್ದರು. ಆದರೂ ಹೆಸರು ಅಂಟಿಕೊಂಡುಬಿಟ್ಟಿತು. ನನಗೆ ಅವರು ಅಕ್ಕನ ಗಂಡ, ಮೇಲಿನ ಮಹಡಿಯವರು, ಅರ್ಧ ಆಯುಷ್ಯ ನನ್ನ ನೆತ್ತಿಯ ಮೇಲೆ ಕೂತು ಢಬಢಬ ಬಡಿದವರು. ನಾನು ಕೆಳಗಿನ ಮಹಡಿಯಲ್ಲಿ ಕಿಟಕಿ ಪರದೆ ಹೊಲಿಯುತ್ತೇನೆ. ನನ್ನ ಯಂತ್ರದ ಸದ್ದಿಗೆ ಅವರು ಗೊಣಗುತ್ತಿದ್ದರು, ಅವರ ಸದ್ದಿಗೆ ನಾನು ಗೊಣಗುತ್ತಿದ್ದೆ. ಒಟ್ಟಿನಲ್ಲಿ ಸಂಬಂಧ ಚೆನ್ನಾಗಿಯೇ ಇತ್ತು.

ಭಾವ ಬಾರಿಸುತ್ತಿದ್ದುದು ಹೋಟೆಲುಗಳಲ್ಲಿ, ಪಾರ್ಟಿಗಳಲ್ಲಿ, ಜನ ಕುಣಿಯಲು ಬರುವ ಜಾಗಗಳಲ್ಲಿ. ಅಕ್ಕ ಅದೇ ತಂಡದಲ್ಲಿ ಹಾಡುತ್ತಿದ್ದಳು. ಅವಳು ಹಾಡು ಬಿಟ್ಟು ಬಹಳ ಕಾಲವಾಯಿತು, ಆದರೆ ಒಂದು ಕೆಲಸ ಮಾತ್ರ ಬಿಡಲಿಲ್ಲ. ಭಾವ ಹೊಸ ತಾಳವೊಂದನ್ನು ಕಟ್ಟಿದರೆ ಮೊದಲು ಅಕ್ಕನನ್ನು ಕರೆಯುತ್ತಾರೆ. ಅಕ್ಕ ಬಂದು ಅವರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತುಕೊಳ್ಳುತ್ತಾಳೆ. ಬಾರಿಸುವವನ ಮುಖ ನೋಡುತ್ತಾ ಕೇಳಿದರೆ ಕಿವಿ ಮೋಸ ಹೋಗುತ್ತದೆ ಎಂಬುದು ಇಬ್ಬರ ಸಿದ್ಧಾಂತ. ಮುಗಿದ ಮೇಲೆ ಅವಳು "ಸರಿ ಇದೆ" ಎಂದರೆ ಸರಿ. "ಎಲ್ಲೋ ಎಡವ್ತು" ಎಂದರೆ ಭಾವ ತುಟಿಪಿಟಕ್ಕೆನ್ನದೆ ಮತ್ತೆ ಕೂರುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ಈ ಒಂದು ತೀರ್ಪಿಗೆ ಮಾತ್ರ ಎದುರಾಡಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಅವರ ಬಲಗೈ ಮಣಿಕಟ್ಟು ಬಿಗಿದುಕೊಂಡಿತು. ಕೋಲು ಹಿಡಿದರೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಸೆಳೆತ. ಇನ್ನು ಬಾರಿಸುವ ಹಾಗಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಅಷ್ಟು ಹೊತ್ತಿಗೆ ತಂಡ ಚೆಲ್ಲಾಪಿಲ್ಲಿಯಾಗಿತ್ತು. ಭಾವನಿಗೆ ಉಳಿದಿದ್ದುದು ಹಿಂದಿನ ಬೀದಿಯ ವ್ಯಾಯಾಮ ಶಾಲೆಯ ಕೆಲಸವೊಂದೇ. ಅಲ್ಲಿ ವಯಸ್ಸಾದವರು ಬೆಳಿಗ್ಗೆ ಬಂದು ಸಾಲಾಗಿ ನಿಂತು ಕಾಲೆತ್ತುತ್ತಾರೆ, ಕೈ ಚಾಚುತ್ತಾರೆ, ಇವರು ಮೂಲೆಯಲ್ಲಿ ಕೂತು ತಾಳ ಹಾಕುತ್ತಿದ್ದರು. ಅಲ್ಲಿನ ಟೀಚರ್ ಒಳ್ಳೆಯ ಹೆಂಗಸು. ಮಾಸ್ತರನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ತನ್ನ ಹಳೆಯ ಲ್ಯಾಪ್‌ಟಾಪಿಗೆ ತಾಳ ಕಟ್ಟುವ ಒಂದು ಸಾಫ್ಟ್‌ವೇರ್ ಹಾಕಿ ತಂದುಕೊಟ್ಟಳು. "ಕೈಯಲ್ಲಿ ಬಾರಿಸೋದು ಬೇಡ ಮಾಸ್ತರೇ, ಇದರಲ್ಲಿ ಕಟ್ಟಿ ತನ್ನಿ. ಆಗಲ್ಲ ಅಂದ್ರೆ ಹೇಳಿ, ರೆಡಿಮೇಡ್ ಹಾಕ್ಕೋತೀನಿ" ಎಂದಳು. ಆ ಕೊನೆಯ ಮಾತು ಭಾವನಿಗೆ ಚೆನ್ನಾಗಿ ಚುಚ್ಚಿತು.

ಸಾಫ್ಟ್‌ವೇರಿನಲ್ಲಿ ಇದ್ದುದಿಷ್ಟು. ಸ್ಕ್ರೀನಿನ ಮೇಲೆ ಒಂದರ ಕೆಳಗೊಂದು ಸಾಲುಗಳು. ದೊಡ್ಡ ಡ್ರಮ್ಮಿಗೆ ಒಂದು ಸಾಲು, ಸಣ್ಣದಕ್ಕೆ ಒಂದು, ಕೋಲಿನಿಂದ ಬಡಿಯುವ ಕಂಚಿನ ತಟ್ಟೆಗೆ ಒಂದು, ಹೀಗೆ. ಪ್ರತಿ ಸಾಲಿನಲ್ಲೂ ಹದಿನಾರು ಚೌಕದ ಮನೆಗಳು. ಯಾವ ಮನೆಯನ್ನು ಒತ್ತುತ್ತೇವೋ ಅದಕ್ಕೆ ದೀಪ ಹತ್ತುತ್ತದೆ. ಆಮೇಲೆ ಎಡದಿಂದ ಬಲಕ್ಕೆ ಒಂದು ಬೆಳಕು ಓಡುತ್ತದೆ, ದೀಪವಿದ್ದ ಮನೆಗೆ ಬಂದಾಗ ಸದ್ದಾಗುತ್ತದೆ, ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಭಾವ ಮೊದಲ ದಿನ ಅದನ್ನು ನೋಡಿ, "ಇದೇನು ಪುಟ್ಟಿ, ತಾಳ ಕಟ್ಟೋದೋ ಬಚ್ಚಲಿಗೆ ಟೈಲ್ಸ್ ಹಾಕೋದೋ?" ಎಂದು ಕೇಳಿದರು. ನನಗೆ ಐವತ್ತು ದಾಟಿದ್ದರೂ ಅವರ ಬಾಯಲ್ಲಿ ಪುಟ್ಟಿಯೇ.

ಆದರೂ ಹಠ ಹಿಡಿದು ಕಲಿತರು. ಮೊದಲು ಕಟ್ಟಿದ ತಾಳ ಗಡಿಯಾರದ ಹಾಗೆ ನಡೆಯಿತು. ಅದೇ ಅದರ ದೋಷವಾಯಿತು. ಕೇಳಿ ಕೇಳಿ ಜನ ನಿಂತಲ್ಲೇ ತೂಕಡಿಸುತ್ತಾರೆ, ಸ್ವಲ್ಪ ಬದಲಾವಣೆ ಬೇಕು ಎಂದು ಟೀಚರ್ ಹೇಳಿ ಕಳಿಸಿದಳು. ಭಾವನಿಗೆ ಖುಷಿಯಾಯಿತು, ಏಕೆಂದರೆ ಬದಲಾವಣೆಯೇ ಅವರ ಕಸುಬು. ಒಂದು ಸುತ್ತಿನಲ್ಲಿ ಒಂದು ಪೆಟ್ಟನ್ನು ತೆಗೆದರು, ಇನ್ನೊಂದರಲ್ಲಿ ಅದನ್ನೇ ಮೆಲ್ಲಗೆ ಮಾಡಿದರು, ಮೂರನೆಯದರಲ್ಲಿ ಕೊನೆಗೆ ಎರಡು ಪೆಟ್ಟು ಸೇರಿಸಿದರು. ಒಂದೇ ಮಾದರಿಯನ್ನು ನಕಲು ಮಾಡಿ, ನಕಲಿನಲ್ಲಿ ಚೂರು ಕೈಯಾಡಿಸಿ, ಅವುಗಳನ್ನು ಸಾಲಾಗಿ ಜೋಡಿಸುವುದು ಅವರಿಗೆ ಸಲೀಸಾಯಿತು. ಕೊನೆಯಲ್ಲಿ ಒಂದು ಹೊಸ ಸಾಲು ಹಾಕಿ ಅದಕ್ಕೆ ಗಂಟೆಯ ಸದ್ದು ಕೊಟ್ಟರು. ಸಣ್ಣಗೆ, ಗಾಜಿಗೆ ಸೂಜಿ ತಾಗಿದ ಹಾಗೆ ಕಿಣ್ ಎನ್ನುವ ಸದ್ದು. ಗಂಟೆ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು, ಆಗ ಯಾರೂ ತೂಕಡಿಸುವುದಿಲ್ಲ ಎಂದು ಅವರ ಲೆಕ್ಕಾಚಾರ. ಟೀಚರಿಗೂ ಅದು ಹಿಡಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಗೋಜಲು.

ಭಾವ ಕಣ್ಣು ಮುಚ್ಚಿಯೇ ಕೇಳುವವರು. ಓಡುವ ಆ ಬೆಳಕನ್ನು ನೋಡಿದರೆ ತಲೆನೋವು ಬರುತ್ತದಂತೆ. ಹಾಗೆ ಕೇಳುತ್ತಾ ಕೂತಿದ್ದಾಗ ಗಂಟೆ ತನ್ನ ಜಾಗಕ್ಕಿಂತ ಚೂರು ಮುಂಚೆ ಬಿದ್ದಂತಾಯಿತು. ಸ್ವಲ್ಪ ಹೊತ್ತಿಗೆ ಇನ್ನೂ ಮುಂಚೆ. ನಿಲ್ಲಿಸಿ ಮನೆಗಳನ್ನು ನೋಡಿದರು. ದೀಪಗಳು ತಾವು ಹಚ್ಚಿದಲ್ಲೇ ಇವೆ. ತಾಳವನ್ನು ಮೊದಲಿನಿಂದ ಓಡಬಿಟ್ಟರು. ಗಂಟೆ ಸರಿಯಾಗಿ ತನ್ನ ಜಾಗದಲ್ಲೇ ಬಿತ್ತು. ಸಮಾಧಾನವಾಗಿ ಬಿಟ್ಟುಕೊಂಡು ಕೂತರೆ ಮತ್ತೆ ಸರಿಯಿತು. ತುಂಬ ಹೊತ್ತು ಕಾದರೆ ತಿರುಗಿ ತಿರುಗಿ ತಾನಾಗಿಯೇ ಸರಿಯಾದ ಜಾಗಕ್ಕೂ ಬಂತು. ಭಾವನಿಗೆ ತಲೆಬುಡ ತಿಳಿಯಲಿಲ್ಲ. ತಪ್ಪು ಎಂದು ಹಿಡಿಯಲು ಹೋದರೆ ಸರಿ ಇರುತ್ತದೆ, ಸರಿ ಎಂದು ನಂಬಿದರೆ ತಪ್ಪಾಗುತ್ತದೆ.

ಅಕ್ಕನನ್ನು ಕರೆದರು. ಅಕ್ಕ ಕೈ ಒರೆಸಿಕೊಂಡು ಬಂದು, ಬೆನ್ನು ಹಾಕಿ, ಗೋಡೆ ನೋಡುತ್ತಾ ನಿಂತಳು. ಅವರ ಕಿಟಕಿಯ ಅಳತೆಗೆಂದು ಮೇಲೆ ಹೋಗಿದ್ದ ನಾನು ಬಾಗಿಲಲ್ಲೇ ಇದ್ದೆ.

"ಎಲ್ಲಾದ್ರೂ ಜಾರ್ತಾ ಇದೆಯಾ?" ಎಂದರು ಭಾವ.

"ಇಲ್ಲ. ಸರಿ ಇದೆ."

"ಇನ್ನೂ ಸ್ವಲ್ಪ ಕೇಳು."

ಅಕ್ಕ ಕೇಳಿದಳು. "ಒಂದೇ ಸಮ ಇದೆ ಕಣ್ರೀ. ನಿಮಗೇನಾಗಿದೆ?" ಎಂದು ಹೇಳಿ ಒಳಗೆ ಹೋದಳು.

ತಮಗೇನಾಗಿದೆ ಎಂಬ ಪ್ರಶ್ನೆಯನ್ನು ಭಾವ ಅಲ್ಲಿಂದ ಹೊತ್ತುಕೊಂಡು ತಿರುಗತೊಡಗಿದರು. "ನಾನು ಕೇಳ್ಲಾ ಭಾವ?" ಎಂದೆ. "ನಿನ್ನ ಕಿವಿಗೆ ಹೊಲಿಗೆ ಮಿಷನ್ನೇ ಸಂಗೀತ. ಸುಮ್ನಿರು" ಎಂದರು. ನನಗೂ ಸಿಟ್ಟು ಬಂತು. ಅಳತೆಯ ಟೇಪು ಸುತ್ತಿಕೊಂಡು ಕೆಳಗಿಳಿದೆ.

ಮುಂದಿನ ವಾರ ವ್ಯಾಯಾಮ ಶಾಲೆಯಲ್ಲಿ ನಡೆದದ್ದನ್ನು ಅಲ್ಲಿಗೆ ಹೋಗುವ ಹಿಂದಿನ ಮನೆಯ ಅಜ್ಜಿ ಬಂದು ನನಗೆ ನಟಿಸಿಯೇ ತೋರಿಸಿದಳು. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತಂತೆ. ಬಲಗಾಲು, ಎಡಗಾಲು, ಚಪ್ಪಾಳೆ. ಬರಬರುತ್ತಾ ಚಪ್ಪಾಳೆ ಕಾಲೆತ್ತುವಾಗಲೇ ಬರತೊಡಗಿತು. ಕೆಲವರು ಗಂಟೆಯ ಹಿಂದೆ ಹೋದರು, ಕೆಲವರು ಹಿಂದಿನ ಅಭ್ಯಾಸದಂತೆ ತಟ್ಟಿದರು, ಮಿಕ್ಕವರು ಪಕ್ಕದವರ ಕೈ ನೋಡಿಕೊಂಡು ತಟ್ಟಿ ಪೆಚ್ಚಾದರು. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಒಂಟಿಗಾಲಲ್ಲಿ ನಿಂತು ಯಾವ ಕಡೆ ಹೋಗುವುದೆಂದು ತಿಳಿಯದೆ ಕುರ್ಚಿ ಹಿಡಿದುಕೊಂಡನಂತೆ. ಅಜ್ಜಿ ಹೇಳಿ ಹೇಳಿ ನಕ್ಕಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಲಿನ ಮಹಡಿಯಲ್ಲಿ ಸದ್ದೇ ಇಲ್ಲವೆಂಬುದು ನನ್ನ ಗಮನಕ್ಕೆ ಬರಲಿಲ್ಲ.

ಟೀಚರ್ ಬೈಯಲಿಲ್ಲ. "ಗಂಟೆ ಎಲ್ಲೆಲ್ಲೋ ಬೀಳ್ತಿದೆ ಮಾಸ್ತರೇ, ಮನೆಗೆ ತಗೊಂಡು ಹೋಗಿ ಸರಿಮಾಡಿ" ಎಂದಳಷ್ಟೇ. ಭಾವ ತಂದು ತೆರೆದರು. ದೀಪಗಳು ಸರಿಯಾದ ಮನೆಗಳಲ್ಲೇ ಇದ್ದವು. ಮೊದಲಿನಿಂದ ಬಿಟ್ಟರೆ ಗಂಟೆಯೂ ಸರಿ. ಅಕ್ಕನನ್ನು ಕರೆದರೆ ಅಕ್ಕನೂ ಸರಿ ಎಂದಳು. ಅವರು ಸುಮ್ಮನೆ ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದರಂತೆ. ಮೌಸು ಎಸೆಯಲಿಲ್ಲ, ಟೀಚರಿಗೆ ಬೈಯಲಿಲ್ಲ, ಕಂಪ್ಯೂಟರ್ ಕಂಡುಹಿಡಿದವನ ವಂಶ ಜಾಲಾಡಲಿಲ್ಲ. ಭಾವ ಬೈಯದಿದ್ದರೆ ಹೆದರಬೇಕು ಎಂದು ನಮಗೆ ಗೊತ್ತಿರಬೇಕಿತ್ತು.

ಆ ತಿಂಗಳು ನನಗೆ ಊರಾಚೆಯ ವೃದ್ಧಾಶ್ರಮದಿಂದ ಪರದೆಯ ಕೆಲಸ ಬಂದಿತ್ತು. ಮರೆವಿನ ಕಾಯಿಲೆ ಇರುವವರನ್ನು ಇಟ್ಟುಕೊಳ್ಳುವ ಜಾಗ ಅದು. ಭಾವನ ತಾಯಿ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲೇ. ಹಸಿರು ಬಣ್ಣದ ಉದ್ದನೆಯ ಓಣಿ, ಎರಡೂ ಕಡೆ ಬಾಗಿಲುಗಳು, ಗೋಡೆಗೆ ಹಿಡಿದುಕೊಂಡು ನಡೆಯಲು ಮರದ ಪಟ್ಟಿ. ಪರದೆಗಳ ಗಂಟು ಹೊತ್ತು ಓಣಿಯಲ್ಲಿ ಹೋಗುತ್ತಿದ್ದಾಗ ಒಂದು ಖಾಲಿ ಕೋಣೆಯಿಂದ ಭಾವ ಹೊರಗೆ ಬಂದರು. ಹಿಂದೆ ಅಲ್ಲಿನ ಮೇಟ್ರನ್ ಇದ್ದಳು. ಒಂದು ಕ್ಷಣ ಇಬ್ಬರೂ ಕಕ್ಕಾಬಿಕ್ಕಿಯಾದೆವು.

"ಇಲ್ಲೇನ್ ಮಾಡ್ತಿದೀರಿ?"

"ನೀನೇನ್ ಮಾಡ್ತಿದೀಯ?"

"ನಾನು ಪರದೆ ಹಾಕೋಕೆ ಬಂದಿದೀನಿ. ನೀವು?"

ಅವರು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಂಚಿನ ಮೇಲಿಟ್ಟು ಕೂತರು. ನಾನೂ ಕೂತೆ. ಅವರು ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಮಾತು ತೆಗೆದರು.

"ಅಮ್ಮನಿಗೆ ಹೇಗೆ ಶುರುವಾಗಿದ್ದು ನೆನಪಿದೆಯಾ? ಸಾಮಾನು ಎತ್ತಿ ಬೇರೆ ಕಡೆ ಇಡೋಳು. ಆಮೇಲೆ ಯಾರು ಎತ್ತಿದ್ದು ಅಂತ ನಮ್ಮನ್ನೇ ಬೈಯೋಳು. ತಾನೇ ಇಟ್ಟಿದ್ದು ಅಂತ ಅವಳಿಗೆ ಗೊತ್ತೇ ಇರ್ತಿರಲಿಲ್ಲ."

"ಅದಕ್ಕೂ ನಿಮಗೂ ಏನು?"

"ಗಂಟೆನ ನಾನೇ ಎತ್ತಿ ಇಡ್ತಿದೀನಿ ಪುಟ್ಟಿ. ಅದರ ಮನೆ ಬದಲಾಯಿಸ್ತೀನಿ, ಆಮೇಲೆ ವಾಪಸ್ ಇಡ್ತೀನಿ, ಎರಡೂ ಮರೆತುಹೋಗ್ತೀನಿ. ಕ್ಲಾಸಲ್ಲಿ ಎಲ್ಲರಿಗೂ ತಪ್ಪಾಗಿ ಕೇಳ್ತು. ಮನೆಗೆ ಬಂದ್ರೆ ಸರಿ ಇರತ್ತೆ. ಸರಿ ಇರೋದೂ ನನಗೆ ಜಾರಿದ ಹಾಗೆ ಕೇಳತ್ತೆ. ನಿಮ್ಮಕ್ಕ ಪಕ್ಕದಲ್ಲೇ ನಿಂತು ಕೇಳಿ ಸರಿ ಇದೆ ಅಂತಾಳೆ. ಅವಳ ಕಿವಿ ಸುಳ್ಳು ಹೇಳಲ್ಲ."

"ಡಾಕ್ಟರ ಹತ್ರ ಹೋಗಿದ್ರಾ?"

"ಹೋಗಿದ್ದೆ. ಇವತ್ತು ಯಾವ ವಾರ ಅಂತ ಕೇಳಿದ್ರು. ಹೇಳ್ದೆ. ಗಡಿಯಾರದ ಚಿತ್ರ ಬರೆಯಿರಿ ಅಂದ್ರು. ಬರೆದೆ. ಚೆನ್ನಾಗಿದೀರಿ, ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ಚೆನ್ನಾಗಿದ್ರೆ ಮತ್ತೆ ಯಾಕೆ ಬರಬೇಕು? ಅದನ್ನ ಕೇಳೋಕೆ ಮರೆತೆ." ಹೇಳಿದ ಮಾತು ತಮಗೇ ಕೇಳಿಸಿ ಅವರ ಮುಖ ಬಾಡಿತು. "ನೋಡಿದ್ಯಾ?" ಎಂದರು.

ತಾಯಿಯ ಹಿಂದೆ ಓಡಾಡಿ ಅಕ್ಕ ಹೇಗೆ ಸವೆದಿದ್ದಳೆಂದು ಅವರು ಕಂಡಿದ್ದರು. ಅವಳಿಗೆ ಎರಡನೆಯ ಸಲ ಆ ಪಾಡು ಬೇಡ ಎಂದು, ಬುದ್ಧಿ ಸ್ವಾಧೀನದಲ್ಲಿ ಇರುವಾಗಲೇ ತಾವೇ ಬಂದು ಇಲ್ಲಿ ಸೇರಿಬಿಡಬೇಕೆಂದು ತೀರ್ಮಾನ ಮಾಡಿದ್ದರು. ಕೋಣೆ ನೋಡಿಯಾಗಿತ್ತು. ಮುಂದಿನ ತಿಂಗಳ ಮೊದಲ ವಾರ ಎಂದು ಮೇಟ್ರನ್‌ಗೆ ಹೇಳಿಯೂ ಆಗಿತ್ತು. "ನಿಮ್ಮಕ್ಕನಿಗೆ ಆಮೇಲೆ ಹೇಳ್ತೀನಿ. ನೀನು ಬಾಯಿ ಬಿಡಬೇಡ" ಎಂದರು. ನನಗೆ ಅಳು ಬಂತು, ಅದರ ಹಿಂದೆಯೇ ಕೆಟ್ಟ ಕೋಪ ಬಂತು. ಅವರ ಮೇಲಲ್ಲ, ಅಕ್ಕನ ಮೇಲೆ. ತಪ್ಪು ಕೇಳಿಸಿದರೂ ಗಂಡನ ಮನಸ್ಸು ನೋಯಬಾರದೆಂದು ಸರಿ ಇದೆ, ಸರಿ ಇದೆ ಎಂದು ತೇಪೆ ಹಾಕುತ್ತಿದ್ದಾಳೆ, ಆ ತೇಪೆ ಇವರನ್ನು ಇಲ್ಲಿಯವರೆಗೆ ದೂಡಿಕೊಂಡು ಬಂದಿದೆ ಎಂದು ನನಗೆ ಖಾತ್ರಿಯಾಯಿತು.

ಪರದೆಗಳನ್ನು ಮೇಟ್ರನ್ ಕೈಗೆ ತುರುಕಿ, ಭಾವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮನೆಗೆ ಬಂದೆ. ಅಕ್ಕ ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. "ಹಾಕಿ ಅದನ್ನ. ಇವತ್ತು ನಾನು ಕೇಳ್ತೀನಿ. ಹೊಲಿಗೆ ಮಿಷನ್ನಿನ ಕಿವಿನೇ ಸಾಕು" ಎಂದೆ. ಬೇಡವೆನ್ನಲು ಅವರಲ್ಲಿ ತ್ರಾಣ ಇರಲಿಲ್ಲ.

ನಾನು ಆ ತಾಳವನ್ನು ಅದುವರೆಗೆ ಕೂತು ಕೇಳಿದ್ದೇ ಇಲ್ಲ. ಈಗ ಸ್ಕ್ರೀನಿನ ಎದುರಿಗೇ ಕುರ್ಚಿ ಎಳೆದು ಕೂತೆ. ಭಾವ ಎಂದಿನಂತೆ ಕಣ್ಣು ಮುಚ್ಚಿದರು. ಮೊದಲು ಗಂಟೆ ದೊಡ್ಡ ಡ್ರಮ್ಮಿನ ಜೊತೆಗೇ ಬಿತ್ತು. ಸ್ವಲ್ಪ ಹೊತ್ತಿಗೆ ಅದಕ್ಕಿಂತ ಮುಂದೆ ಓಡಿತು. ಇನ್ನೂ ಸ್ವಲ್ಪ ಹೊತ್ತಿಗೆ ಡ್ರಮ್ಮಿಗೂ ಗಂಟೆಗೂ ಮಾತುಕತೆಯೇ ಇಲ್ಲದಂತಾಯಿತು. ನನಗೇ ಅಷ್ಟು ಸ್ಪಷ್ಟವಾಗಿ ಕೇಳಿಸಿತು.

"ಜಾರ್ತಾ ಇದೆ ಭಾವ" ಎಂದೆ.

ಅವರು ಕಣ್ಣು ಬಿಟ್ಟರು. "ನಿನಗೂ ಕೇಳ್ತಾ?"

"ಕೇಳೋದೇನು, ಕಾಣ್ತಾನೂ ಇದೆ. ಇಲ್ಲಿ ನೋಡಿ. ಎಲ್ಲ ಸಾಲಲ್ಲೂ ಬೆಳಕು ಒಟ್ಟಿಗೆ ಓಡ್ತಿದೆ, ಗಂಟೆ ಸಾಲಲ್ಲಿ ಮಾತ್ರ ಬೇರೆ ಎಲ್ಲೋ ಇದೆ."

ಇಬ್ಬರೂ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದೆವು. ಗಂಟೆಯ ಸಾಲಿನ ಕೊನೆಯ ಮನೆ ಮಾಸಿದ ಬೂದಿ ಬಣ್ಣಕ್ಕಿತ್ತು. ಸ್ಕ್ರೀನಿನ ಮೇಲೆ ಕೊಳೆ ಕೂತಿದೆ ಎಂದುಕೊಂಡು ಭಾವ ಅದನ್ನು ಎಷ್ಟೋ ಸಲ ಒರೆಸಿದ್ದರಂತೆ. ಬೆಳಕು ಆ ಮನೆಗೆ ಹೋಗುತ್ತಲೇ ಇರಲಿಲ್ಲ, ಹದಿನೈದಕ್ಕೇ ತಿರುಗಿ ಮೊದಲಿಗೆ ಬರುತ್ತಿತ್ತು. ಮಿಕ್ಕ ಸಾಲುಗಳು ಹದಿನಾರರವರೆಗೆ ಹೋಗಿ ಬರುವಷ್ಟರಲ್ಲಿ ಇದು ಒಂದು ಹೆಜ್ಜೆ ಮುಂದೆ. ಸುತ್ತಿಗೊಂದು ಹೆಜ್ಜೆಯಂತೆ ಮುಂದೆ ಹೋಗುತ್ತಾ ಹೋಗುತ್ತಾ ಕೊನೆಗೊಮ್ಮೆ ಎಲ್ಲವೂ ಕೂಡುತ್ತಿದ್ದವು. ನಿಲ್ಲಿಸಿ ಮೊದಲಿನಿಂದ ಬಿಟ್ಟರೆ ಎಲ್ಲವೂ ಒಟ್ಟಿಗೆ ಹೊರಡುವುದರಿಂದ ತಪ್ಪೇ ಕಾಣುತ್ತಿರಲಿಲ್ಲ. ಸಾಲಿನ ತುದಿಯಲ್ಲಿ ಅದನ್ನು ಉದ್ದ ಗಿಡ್ಡ ಮಾಡುವ, ಉಗುರಿನಷ್ಟು ಸಣ್ಣ ಹಿಡಿಯೊಂದಿತ್ತು. ಬಿಗಿದ ಕೈಯಿಂದ ಮೌಸು ಆಡಿಸುವಾಗ ಯಾವಾಗಲೋ ಅದನ್ನು ಎಳೆದುಬಿಟ್ಟಿದ್ದರು. ಭಾವ ಹಿಡಿಯನ್ನು ಬಲಕ್ಕೆ ಎಳೆದರು. ಬೂದಿ ಮನೆಗೆ ಬಣ್ಣ ಬಂತು.

ಬಿಟ್ಟು ಕೇಳಿದೆವು. ಕಾದು ಕಾದು ಕೇಳಿದೆವು. ಗಂಟೆ ಅಲ್ಲಾಡಲಿಲ್ಲ. ಭಾವ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮುಖ ಒರೆಸಿಕೊಂಡರು, ಆಮೇಲೆ ಕಂಪ್ಯೂಟರ್ ಕಂಡುಹಿಡಿದವನ ವಂಶಕ್ಕೆ ಕೈ ಹಾಕಿದರು. ಅವರ ಬೈಗುಳ ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ಅಕ್ಕ ಖಾಲಿ ಬಕೆಟ್ ಹಿಡಿದು ಕೆಳಗೆ ಬಂದಳು. ನಾನು ಅವಳಿಗಾಗಿಯೇ ಕಾದಿದ್ದೆ. ಬಾಯಿ ಬಿಡಬೇಡ ಎಂದದ್ದನ್ನೆಲ್ಲ ಮರೆತು ವೃದ್ಧಾಶ್ರಮದ ಕೋಣೆಯಿಂದ ಹಿಡಿದು ಎಲ್ಲವನ್ನೂ ಒದರಿದೆ. "ಗಂಡನ ಮನಸ್ಸು ನೋಯಬಾರ್ದು ಅಂತ ಸುಳ್ಳು ಹೇಳಿದೆಯಲ್ಲ, ಎಲ್ಲಿಗೆ ಬಂತು ನೋಡು" ಎಂದೆ.

ಅಕ್ಕ ಬಕೆಟ್ ಕೆಳಗಿಟ್ಟು ಗಂಡನ ಮುಖ ನೋಡಿದಳು. ಕೋಣೆಯ ವಿಷಯ ಅವಳಿಗೆ ಎಷ್ಟು ನೋವು ಕೊಟ್ಟಿತೆಂದರೆ ಮಿಕ್ಕದ್ದು ತಲೆಗೆ ಹೋಗಲು ಹೊತ್ತು ಹಿಡಿಯಿತು. "ನಾನ್ಯಾಕೆ ಸುಳ್ಳು ಹೇಳಲಿ? ಕೇಳಿದ್ದನ್ನೇ ಹೇಳ್ದೆ. ಡ್ರಮ್ ಒಂದೇ ಸಮ ಇತ್ತು" ಎಂದಳು.

"ಡ್ರಮ್ ಬಿಡು. ಗಂಟೆ?" ಎಂದರು ಭಾವ.

"ಯಾವ ಗಂಟೆ?"

ಭಾವ ಅವಳನ್ನೇ ನೋಡಿದರು. ಸ್ಕ್ರೀನಿನಲ್ಲಿ ತಾಳ ಇನ್ನೂ ಓಡುತ್ತಲೇ ಇತ್ತು, ಕಿಣ್ ಎನ್ನುವ ಆ ಸದ್ದು ಕೋಣೆಯಲ್ಲಿ ಬೀಳುತ್ತಲೇ ಇತ್ತು. ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಾನು ಕಾದೆ. ಅವಳ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ನಮ್ಮಿಬ್ಬರಿಗೇನಾಯಿತು ಎಂಬಂತೆ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಳು.

ಭಾವ ಬೇರೆಲ್ಲ ಸಾಲುಗಳ ಬಾಯಿ ಮುಚ್ಚಿಸಿ ಗಂಟೆಯೊಂದನ್ನೇ ಬಿಟ್ಟರು. "ಕೇಳ್ತಿದೆಯಾ?" ಎಂದರು.

"ನಿಂತುಹೋಯ್ತಲ್ಲ" ಎಂದಳು ಅಕ್ಕ.

ಗಂಟೆಯ ಸಾಲಿನ ಪಕ್ಕದಲ್ಲಿ ಸಣ್ಣನೆಯ ಸ್ವರವನ್ನು ಮಂದ್ರಕ್ಕೆ ಇಳಿಸುವ ಗುಂಡಿ ಇದೆ. ಭಾವ ಅದನ್ನು ಚೂರು ತಿರುಗಿಸಿದರು. "ಈಗ?" ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಇನ್ನೂ ಚೂರು. "ಈಗ?" ಇಲ್ಲ. ಗಂಟೆ ಗಂಟೆಯಾಗಿ ಉಳಿಯಲಿಲ್ಲ, ಬಟ್ಟಲಾಯಿತು, ಬಾಟಲಿಯಾಯಿತು. ಕೊನೆಗೆ ಆ ಸದ್ದು ಯಾರೋ ಬಾಗಿಲು ಕುಟ್ಟಿದಂತಾದಾಗ ಅಕ್ಕನ ಬೆರಳು ಮೇಲೆದ್ದಿತು. ಮುಂದಿನ ಸುತ್ತಿಗೆ ಬೆರಳು ಸರಿಯಾಗಿ ಆ ಸದ್ದಿನ ಜೊತೆಗೇ ಕೆಳಗೆ ಬಿತ್ತು. "ಓ, ಇಲ್ಲಿಟ್ಟಿದೀರಾ. ಚೆನ್ನಾಗಿದೆ" ಎಂದಳು.

"ಯಾವಾಗಿಂದ ಹೀಗೆ?" ಎಂದು ಭಾವ ಕೇಳಿದರು. ಅವರ ದನಿ ಕೆಳಗಿಳಿದಿತ್ತು.

"ನನಗೇನು ಗೊತ್ತು? ಕೇಳದೇ ಇರೋದು ಕೇಳ್ತಿಲ್ಲ ಅಂತ ಹೇಗೆ ಗೊತ್ತಾಗತ್ತೆ?"

ಅಕ್ಕ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಒಂದರ ಕೆಳಗೊಂದು ಹತ್ತಿ ಆರುತ್ತಿದ್ದ ದೀಪಗಳನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ಇನ್ನೂ ಏನೇನಿದೆ ಇದರಲ್ಲಿ, ನನಗೆ ಕೇಳದೇ ಇರೋದು?" ಎಂದಳು.

ಭಾವ ಎಲ್ಲವನ್ನೂ ನಿಲ್ಲಿಸಿ, ಮೇಲಿನ ಸಾಲೊಂದನ್ನೇ ಓಡಬಿಟ್ಟು, ಅವಳ ಬೆರಳನ್ನು ನೋಡುತ್ತಾ ಕೂತರು.